ಮೈಕ್ ಇಲ್ಲದ ಕಂಪ್ಯೂಟರ್

ಮೈಕ್ ಬೇಡ ಎಂದು ಕೆಲ್ವಿನ್ ಮತ್ತೊಮ್ಮೆ ಟೈಪ್ ಮಾಡಿದ.

ಆ ಕಡೆಯಿಂದ, ಆನ್‌ಲೈನ್ ಫೋರಂನಲ್ಲಿ ಮ್ಯಾಗ್‌ಪೈ ಎಂಬ ಹೆಸರಿನವನು ಬಿಡಲಿಲ್ಲ. "ಆಟದಲ್ಲಿ ಜೊತೆಯವರ ಹತ್ರ ಮಾತಾಡ್ಬೇಕಲ್ಲ ಮಾರಾಯ? ಮೂಗನ ಹಾಗೆ ಕೂತ್ರೆ ಯಾರು ಸೇರಿಸ್ಕೋತಾರೆ ನಿನ್ನ?"

"ನಂಗೆ ಕೇಳಿಸಿದ್ರೆ ಸಾಕು."

"ಮೈಕಿಗೆ ಅಂತ ನಲವತ್ತು ಡಾಲರ್ ಉಳಿಸಿಟ್ಟಿರು. ಮನಸ್ಸು ಬದಲಾದ್ರೆ ಹೇಳು."

ಬದಲಾಗುವ ಮಾತೇ ಇರಲಿಲ್ಲ. ಕೆಲ್ವಿನ್‌ನ ಧ್ವನಿ ಒಮ್ಮೆ ಕೇಳಿದರೆ ಕೋಬಿ ಗುರುತು ಹಿಡಿಯುತ್ತಾನೆ. ಗುರುತು ಹಿಡಿದರೆ, ಫೋನಿನಲ್ಲಿ ಮಾಡಿದ ಹಾಗೆ, ಆಟದಲ್ಲಿಯೂ ಬ್ಲಾಕ್ ಮಾಡುತ್ತಾನೆ. ಅವನ ಹತ್ತಿರ ಹೋಗಲು ಉಳಿದಿರುವ ದಾರಿ ಆ ಆಟವೊಂದೇ.

ಕೋಬಿ ಅವನ ಒಬ್ಬನೇ ಮಗ. ಹೆಂಡತಿ ಡೆನೀಸ್‌ಳನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆ ತುಂಬ ಜನ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನಿಂತಿದ್ದರು. ಹುಡುಗ ಮಾತ್ರ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದ. ಕೆಲ್ವಿನ್‌ಗೆ ತಲೆ ಕೆಟ್ಟಿತು. ಕಂಪ್ಯೂಟರ್ ಪೆಟ್ಟಿಗೆಯನ್ನು ವೈರ್ ಸಮೇತ ಕಿತ್ತು ಹಿತ್ತಿಲಿನ ಕಾಂಕ್ರೀಟಿನ ಮೇಲೆ ಎತ್ತಿ ಹಾಕಿದ. ಹುಡುಗ ಆಟವಾಡುತ್ತಿರಲಿಲ್ಲ, ಅಮ್ಮನ ವಿಷಯ ಗೆಳೆಯರ ಹತ್ತಿರ ಹೇಳಿಕೊಳ್ಳುತ್ತಿದ್ದ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕೋಬಿ ಅಡಿಲೇಡಿನಲ್ಲಿ ಚಿಕ್ಕಮ್ಮ ಗ್ವೆಂಡಾಳ ಮನೆ ಸೇರಿದ್ದ.

ಅದಾಗಿ ಎರಡು ವರ್ಷ. ತನ್ನೂರು ವಯಾಲಾದ ಉಕ್ಕಿನ ಕಾರ್ಖಾನೆಗೆ ಕೆಲ್ವಿನ್ ಹೋಗುತ್ತಾನೆ, ಬರುತ್ತಾನೆ, ಮಾಂಸದ ಪೈಯನ್ನು ಬಿಸಿ ಕೂಡ ಮಾಡದೆ ತಿನ್ನುತ್ತಾನೆ. ಅಳು ಬಂದಿಲ್ಲ. ಸಿಟ್ಟೂ ಬರುವುದಿಲ್ಲ. ತನ್ನ ತಂಡ ಗೆದ್ದರೂ ಟಿವಿ ಆರಿಸಿ ಮಲಗುತ್ತಾನೆ.

"ನಿಮ್ಮ ಹೆಸರೆತ್ತಿದ್ರೆ ಬಾಗಿಲು ಹಾಕ್ಕೋತಾನೆ ಭಾವ," ಎಂದಿದ್ದಳು ಗ್ವೆಂಡಾ ಫೋನಿನಲ್ಲಿ. "ಸಂಜೆ ಆದ್ರೆ ಸಾಕು, ಆ ಕಾರಿನಲ್ಲಿ ಫುಟ್‌ಬಾಲ್ ಆಡೋ ಆಟ. ಅಲ್ಲಿ ಟಗ್‌ಬೋಟ್ ಅಂತ ಹೆಸರಿಟ್ಕೊಂಡಿದ್ದಾನೆ. ಮಾತಾಡ್ಲೇಬೇಕು ಅಂದ್ರೆ ಅಲ್ಲೇ ಹೋಗಿ ಹುಡುಕಿ."

ಅವಳು ಕುಟುಕಿದ್ದು. ಕೆಲ್ವಿನ್ ಅದನ್ನೇ ಹಿಡಿದುಕೊಂಡ. ಮಾತಾಡದಿದ್ದರೂ ಸರಿ, ಮಗನ ಪಕ್ಕ ಒಂದು ಕಾರು ಓಡಿಸಿಕೊಂಡು ಇರಬಹುದಲ್ಲ.

ಮೀನು ಹಿಡಿಯುವ ದೋಣಿ ಮಾರಿದ. ಸಾವಿರದ ಇನ್ನೂರು ಡಾಲರ್ ಬಂತು. ಕಾರ್ಖಾನೆಯಲ್ಲಿ ಪಾಳಿ ಕಡಿಮೆಯಾಗಿತ್ತು, ಅದರ ಮೇಲೆ ಒಂದು ಕಾಸು ಹಾಕುವ ಹಾಗಿರಲಿಲ್ಲ. ಕಂಪ್ಯೂಟರ್ ಜೋಡಿಸುವವರ ಫೋರಂ ಹೊಕ್ಕು, ಹೆಸರು ಬದಲಿಸಿ, ಊರು ಮೆಲ್ಬರ್ನ್ ಎಂದು ಸುಳ್ಳು ಬರೆದು ಸಲಹೆ ಕೇಳಿದ. ಕಂಪ್ಯೂಟರ್ ಇಡುವ ಜಾಗದ ಫೋಟೋ ಹಾಕುವುದು ಅಲ್ಲಿನ ಪದ್ಧತಿ. ಹಾಕಿದ. ಹಳೆಯ ಬಾಗಿಲನ್ನು ಮಲಗಿಸಿ ಮಾಡಿದ ಮೇಜು, ಮೂಲೆಯಲ್ಲಿ ಬೆಸುಗೆ ಕಡ್ಡಿ ತಗುಲಿ ಸುಟ್ಟ ಕಲೆ.

ಈ ದುಡ್ಡಿಗೆ ಆಟ ನೋಡಬಹುದು, ಆಡಲಿಕ್ಕಾಗದು ಎಂದು ಒಬ್ಬಿಬ್ಬರು ನಕ್ಕು ಹೋದರು. ಮರುದಿನ ಮ್ಯಾಗ್‌ಪೈ ಬಂದ. ಬಂದವನು ಹೋಗಲೇ ಇಲ್ಲ. ಯಾರೋ ಹೊತ್ತು ಹೋಗದ ಮುದುಕನಿರಬೇಕು ಎಂದುಕೊಂಡ ಕೆಲ್ವಿನ್.

"ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡಿಗೇ ಹೋಗ್ಲಿ. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಪವರ್ ಸಪ್ಲೈ ಮಾತ್ರ ಹೊಸದು ತಗೋ. ಅಲ್ಲಿ ಜುಗ್ಗತನ ಮಾಡಿದ್ರೆ ಎಲ್ಲಾ ಸುಟ್ಟುಹೋಗುತ್ತೆ."

"ಬಣ್ಣದ ಲೈಟು?"

"ಕ್ರಿಸ್‌ಮಸ್ ಮರ ಕಟ್ತಿದ್ದೀಯಾ? ಆ ದುಡ್ಡಿಗೆ ಮುಂದೆ ಜಾಲರಿ ಇರೋ ಕ್ಯಾಬಿನೆಟ್ ತಗೋ. ಕೆಂಪು ಧೂಳು ಒಳಗೆ ಹೋದ್ರೆ ಫ್ಯಾನ್ ಕತೆ ಮುಗೀತು."

ಕೆಲ್ವಿನ್ ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿದ. ಬೆರಳು ಕೆಂಪಾಯಿತು. ಮುದುಕ ಹೇಳುವುದು ಸರಿ ಎನಿಸಿ ಜಾಲರಿಯದನ್ನೇ ತರಿಸಿದ.

ಇನ್ನೊಂದು ದಿನ ಮ್ಯಾಗ್‌ಪೈ ಕೇಳಿದ: "ಈ ವಯಸ್ಸಲ್ಲಿ ಯಾಕಪ್ಪ ನಿಂಗೆ ಈ ಹುಚ್ಚು?"

ಕೆಲ್ವಿನ್ ಒಂದು ಸಾಲು ಬರೆದು ಅಳಿಸಿದ. ಆಮೇಲೆ ಬರೆದ: "ಹಿಂದೆ ಒಂದನ್ನ ಒಡೆದು ಹಾಕಿದ್ದೆ. ಒಡೀಬಾರದಿತ್ತು."

ಮರುದಿನ ಬಂದ ಮ್ಯಾಗ್‌ಪೈ ಪ್ರೊಸೆಸರ್ ಎಲ್ಲಿ ಅಗ್ಗ ಎಂಬುದನ್ನಷ್ಟೇ ಹೇಳಿದ.

ಭಾಗಗಳೆಲ್ಲ ಬಂದವು. ಮೊದಲ ಸಲ ಚಾಲೂ ಆಗುವವರೆಗೆ ಪಕ್ಕದ ಮುಚ್ಚಳ ಹಾಕಬಾರದು, ಹಾಕಿದರೆ ಅಪಶಕುನ ಎಂದು ಮ್ಯಾಗ್‌ಪೈ ಹೇಳಿದ್ದ. ಕೆಲ್ವಿನ್ ತೆರೆದೇ ಇಟ್ಟ. ಗುಂಡಿ ಒತ್ತಿದ. ಫ್ಯಾನ್ ತಿರುಗಿತು. ಅವನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಸಂಜೆ ಫೋರಂನ ಹೆಸರಿನಲ್ಲೇ ಆಟಕ್ಕೆ ಹೋಗಿ ಟಗ್‌ಬೋಟ್‌ನನ್ನು ಹುಡುಕಿ, ಜೊತೆಗೆ ಸೇರಿಸಿಕೊಳ್ಳುತ್ತೀಯಾ ಎಂದು ಕೇಳಿದ. ಮಗ ಕೂಡಲೇ ಸೇರಿಸಿಕೊಂಡ. ಮಗನ ನೀಲಿ ಕಾರು ಮುಂದೆ ಹೋಯಿತು. ಕೆಲ್ವಿನ್‌ನ ಕಾರು ಕುಂಟಿತು, ನಿಂತಿತು, ಎಗರಿ ಗೋಡೆಗೆ ಗುದ್ದಿತು. ಪರದೆ ಮೇಲೆ ಚಿತ್ರ ಜರ್ಕು ಹೊಡೆಯುತ್ತಿತ್ತು. ಗೋಲಿನ ಮೇಲೆ ಗೋಲು ಬಿಟ್ಟುಕೊಟ್ಟ. ಇಂಥ ದಂಡಪಿಂಡವನ್ನು ಯಾರು ಇಟ್ಟುಕೊಳ್ಳುತ್ತಾರೆ, ಈಗ ಹೊರಗೆ ಹಾಕುತ್ತಾನೆ ಎಂದು ಕಾದ.

ಪರದೆಯ ಮೂಲೆಯಲ್ಲಿ ಟಗ್‌ಬೋಟ್‌ನ ಅಕ್ಷರ ಮೂಡಿತು. "ಕಾರು ಕುಂಟೋದು ನೋಡಿದ್ರೆ ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿದ್ದೀಯ. ಕೆಳಗಡೆ ಗ್ರಾಫಿಕ್ಸ್ ಕಾರ್ಡಿಗೆ ಹಾಕು."

ಹೊಸಬರು ಮಾಡುವ ತಪ್ಪು. ಕೆಲ್ವಿನ್ ಬಗ್ಗಿ ಕೇಬಲ್ ಬದಲಿಸಿದ. ಚಿತ್ರ ನುಣ್ಣಗೆ ಓಡತೊಡಗಿತು. ನೀಲಿ ಕಾರು ಅಲ್ಲಿಯೇ ನಿಂತು ಅವನಿಗಾಗಿ ಕಾಯುತ್ತಿತ್ತು. ಕೆಲ್ವಿನ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

"ಥ್ಯಾಂಕ್ಸ್ ಮಾರಾಯ," ಎಂದು ಎರಡು ಬೆರಳಿನಲ್ಲಿ ಒತ್ತಿದ. ಹೆಚ್ಚು ಬರೆದರೆ ಸಿಕ್ಕಿಬೀಳುವ ಹೆದರಿಕೆ.

ಟಗ್‌ಬೋಟ್‌ನಿಂದ ಉತ್ತರ ಬಂತು.

"ಆ ಮೇಜು ಸುಟ್ಟ ನಂಗೇ ಫೋಟೋದಲ್ಲಿ ಅದರ ಗುರುತು ಸಿಗಲ್ವಾ? ಮುಚ್ಚಳ ಹಾಕು, ಆ ನಲವತ್ತು ಡಾಲರಿಗೆ ಒಂದು ಮೈಕ್ ತಗೋ ಅಪ್ಪ."