ಗುಂಡಿನ ತೂತು

ಗಂಡನ ಅಂಗಿಯನ್ನು ಹೊಟ್ಟೆಗೆ ಸುತ್ತಿಕೊಂಡು, ಅದರ ಮೇಲೆ ಬಟ್ಟೆ ತೊಟ್ಟು, ಹೊಲಿಗೆಯವಳು ಕಾರ್ಖಾನೆಯ ಗೇಟು ದಾಟಿದಳು. ಕಾವಲುಗಾರ ಕೈಚೀಲವನ್ನಷ್ಟೇ ತಡಕಿ ಬಿಟ್ಟ. ಒಳಗಿನದನ್ನು ಹೊರಗೆ ಸಾಗಿಸುವವರನ್ನು ಹಿಡಿಯುವುದು ಅವನ ಕೆಲಸ. ಹೊರಗಿನದನ್ನು ಒಳಗೆ ತರುವ ಹುಚ್ಚರೂ ಇರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಯುದ್ಧಕ್ಕೆ ಮೊದಲು ಅಲ್ಲಿ ಕಿಟಕಿಯ ಪರದೆ ಹೊಲಿಯುತ್ತಿದ್ದರು. ಈಗ ರಣರಂಗದಿಂದ ಮೂಟೆ ಮೂಟೆ ಅಂಗಿ ಬರುತ್ತದೆ. ಎಲ್ಲವೂ ಸತ್ತವರ ಮೈಯಿಂದ ಬಿಚ್ಚಿದವು. ಒಗೆದು, ತೂತು ಮುಚ್ಚಿ, ಗುಂಡಿ ಹಚ್ಚಿದರೆ ಇನ್ನೊಬ್ಬ ಅದನ್ನೇ ತೊಟ್ಟು ಹೊರಡುತ್ತಾನೆ. ಅದಕ್ಕೆ ಮುಂಚೆ ಕಾಲರಿನ ಒಳಗಿನ ನಂಬರನ್ನು ದಫ್ತರದಲ್ಲಿ ಬರೆದುಕೊಳ್ಳಬೇಕು. ನಾಪತ್ತೆಯಾದವನ ನಂಬರು ಈ ರಾಶಿಯಲ್ಲಿ ಸಿಕ್ಕಿತೆಂದರೆ ಅವನು ಸತ್ತಂತೆಯೇ. ಮನೆಗೆ ಪತ್ರ ಹೋಗುತ್ತದೆ, ಹುಡುಕಾಟ ನಿಲ್ಲುತ್ತದೆ.

ಹೊಲಿಗೆಯವಳಿಗೆ ಬೇಕಾಗಿದ್ದದ್ದು ಅದೇ. ಅವಳ ಗಂಡನ ಹೆಸರು ನಾಪತ್ತೆ ಪಟ್ಟಿಯಲ್ಲಿತ್ತು, ಆದರೆ ಅವನು ನಾಪತ್ತೆಯಾಗಿರಲಿಲ್ಲ. ಸೈನ್ಯದಿಂದ ತಪ್ಪಿಸಿಕೊಂಡು ಬಂದು, ಇಪ್ಪತ್ತು ದಿನಗಳಿಂದ ಮನೆಯ ಅಟ್ಟದಲ್ಲಿ, ಸುತ್ತಿಟ್ಟ ಹಾಸಿಗೆಗಳ ಹಿಂದೆ ಕೂತಿದ್ದ.

ಹೋಗುವ ಮುಂಚೆ ಅವನು ಬಸ್ಸು ಓಡಿಸುತ್ತಿದ್ದ. ಅವನ ತಮಾಷೆಗೆ ಪ್ರಯಾಣಿಕರು ಹೊಟ್ಟೆ ಹುಣ್ಣಾಗುವಂತೆ ನಕ್ಕು ಇಳಿಯುವ ಸ್ಟಾಪನ್ನೇ ಮರೆಯುತ್ತಿದ್ದರು. ಈಗ ಆ ಬಸ್ಸನ್ನು ಪಕ್ಕದ ಮನೆಯಾಕೆ ಓಡಿಸುತ್ತಾಳೆ. ಅವನೋ, ಅಡುಗೆಮನೆಯಲ್ಲಿ ತಟ್ಟೆ ಬಿದ್ದರೂ ತಲೆಯ ಮೇಲೆ ಕೈಯಿಟ್ಟು ಮುದುಡಿಕೊಳ್ಳುತ್ತಾನೆ. ನಾಪತ್ತೆ ಪಟ್ಟಿಯಲ್ಲಿದ್ದವರ ಮನೆಗಳನ್ನು ನಾಳೆಯಿಂದ ಶೋಧಿಸುತ್ತಾರಂತೆ. ಸಿಕ್ಕಿಬಿದ್ದವನನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಾರೆ. ಬಚ್ಚಿಟ್ಟವಳಿಗೆ ಜೈಲು.

"ಇವತ್ತೊಂದಿನ ನನ್ನನ್ನ ಸಾಯ್ಸಿಬಿಡೇ," ಎಂದಿದ್ದ ಬೆಳಿಗ್ಗೆ. "ಆಮೇಲೆ ನೆಮ್ಮದಿಯಾಗಿ ಬದುಕ್ಕೋತೀನಿ."

ಬಂದಮೇಲೆ ಅವನಾಡಿದ ಮೊದಲ ತಮಾಷೆ. ಅವಳಿಗೆ ಅಳು ಬಂದಿತ್ತು. ಅಂಗಿಯ ಎದೆಭಾಗಕ್ಕೆ ಕತ್ತರಿ ಹಾಕಿದ್ದು ಆಗಲೇ. ತೂತಿನ ಸುತ್ತ ಹಚ್ಚಲು ಬೆರಳು ಚುಚ್ಚಿಕೊಂಡು ರಕ್ತ ಕೊಟ್ಟವನು ಅವನು. ಅವಳ ಕಿವಿಯೆಲ್ಲ ಬೀದಿಯ ಬೂಟಿನ ಸಪ್ಪಳದ ಮೇಲಿತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು.

ಇನ್ನು ಉಳಿದಿದ್ದ ಕಂಟಕ ಒಂದೇ, ಭೂತಗನ್ನಡಿ.

ಮೇಲ್ವಿಚಾರಕಿಗೆ ಹೆಂಗಸರಿಟ್ಟ ಹೆಸರು ಅದು. ಬಂದ ಪ್ರತಿ ಅಂಗಿಯನ್ನೂ ಅವಳೇ ಮಸೂರ ಹಿಡಿದು ನೋಡಬೇಕು, ಬೇರೆಯವರ ಕಣ್ಣನ್ನು ನಂಬುವವಳಲ್ಲ. ಒಬ್ಬನೇ ಮಗ ಯುದ್ಧದಲ್ಲಿ ಸತ್ತನೆಂದು ಮನೆಗೆ ಪತ್ರ ಬಂದಿತ್ತು. ಅವನ ಫೋಟೊ ಅವಳ ಕೋಣೆಯ ಗೋಡೆಯ ಮೇಲಿತ್ತು. "ಓಡಿಬಂದೋರನ್ನ ಹೆತ್ತೋರು ಬಂಜೆಯಾಗಿದ್ರೇ ಚೆನ್ನಾಗಿತ್ತು," ಎಂದು ಎಲ್ಲರೆದುರು ಹೇಳಿದ್ದಳು. ಮಧ್ಯಾಹ್ನದ ಬುತ್ತಿಯಲ್ಲಿ ಅರ್ಧ ತಿಂದು, ಅರ್ಧವನ್ನು ನಾಯಿಗೆಂದು ಕಟ್ಟಿಕೊಂಡು ಹೋಗುತ್ತಿದ್ದಳು. ಆ ನಾಯಿಯನ್ನು ಯಾರೂ ಕಂಡಿರಲಿಲ್ಲ, ಏಕೆಂದರೆ ಅವಳು ಯಾರನ್ನೂ ಮನೆಗೆ ಕರೆದವಳಲ್ಲ. ಹುತಾತ್ಮನ ತಾಯಿ ಎಂಬ ಜಂಬ, ಎಂದು ಹೆಂಗಸರು ಮೂಗು ಮುರಿಯುತ್ತಿದ್ದರು.

ಮೂಟೆ ಬಿಚ್ಚುವ ಗದ್ದಲದಲ್ಲಿ ಹೊಲಿಗೆಯವಳು ಬಗ್ಗಿ, ಅಂಗಿಯನ್ನು ರಾಶಿಯೊಳಗೆ ತುರುಕಿದಳು. ಯಾರೂ ನೋಡಲಿಲ್ಲ.

ಭೂತಗನ್ನಡಿ ಒಂದೊಂದೇ ಅಂಗಿ ಎತ್ತಿ, ನಂಬರು ಓದಿ, ತೂತು ನೋಡಿ, ಪಕ್ಕಕ್ಕೆ ಹಾಕುತ್ತ ಬಂದಳು. ಹನ್ನೆರಡನೆಯದಕ್ಕೆ ಕೈ ನಿಂತಿತು. ನಂಬರನ್ನು ಗಟ್ಟಿಯಾಗಿ ಓದಿ, ನಾಪತ್ತೆ ಪಟ್ಟಿ ನೋಡಿ, ಹೊಲಿಗೆಯವಳತ್ತ ತಿರುಗಿದಳು.

"ಇದು ನಿನ್ನ ಗಂಡಂದಲ್ವೇನಮ್ಮಾ?"

ಅಳಬೇಕೆಂದು ಹೊಲಿಗೆಯವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಈಗ ಅಳುವೇ ಬರದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸುತ್ತಲಿನ ಹೆಂಗಸರು ಓಡಿಬಂದು ತಬ್ಬಿಕೊಂಡರು, ಒಬ್ಬಳು ನೀರು ತಂದಳು. ಭೂತಗನ್ನಡಿ ಮಾತ್ರ ಕದಲಲಿಲ್ಲ. ಮಸೂರವನ್ನು ತೂತಿನ ಮೇಲೆ ಹಿಡಿದವಳು ಹಿಡಿದೇ ಇದ್ದಳು.

"ಎಲ್ರೂ ನಿಮ್ಮ ನಿಮ್ಮ ಮಿಷನ್ನಿಗೆ ಹೋಗಿ," ಎಂದಳು ಕೊನೆಗೆ. "ನೀನು ಬಾ ನನ್ನ ಜೊತೆ."

ಕೋಣೆಯ ಬಾಗಿಲಿಗೆ ಚಿಲಕ ಬಿತ್ತು. ಮೇಜಿನ ಮೇಲೆ ಟೆಲಿಫೋನು, ದಫ್ತರಕ್ಕೆ ಮೊಹರು ಹಾಕಲು ಅರಗು ಕರಗಿಸುವ ಸಣ್ಣ ದೀಪ. ಭೂತಗನ್ನಡಿ ಅಂಗಿಯನ್ನು ಹರವಿ, ಮಸೂರವನ್ನು ಅವಳ ಕೈಗೆ ಕೊಟ್ಟಳು.

"ನೀನೇ ನೋಡು."

ಹೊಲಿಗೆಯವಳು ಬಗ್ಗಿ ನೋಡಿದಳು. ತೂತಿನ ಸುತ್ತ, ಎಳೆ ಬಿಚ್ಚದ ಹಾಗೆ, ಒಂದೇ ಸಮನಾದ ಪುಟ್ಟ ಪುಟ್ಟ ಹೊಲಿಗೆ. ಅವಳದೇ ಕೈ. ಬಟ್ಟೆಗೆ ಕತ್ತರಿ ಹಾಕಿದಲ್ಲೆಲ್ಲ ಇಪ್ಪತ್ತು ವರ್ಷದಿಂದ ಅಂಚು ಹೊಲಿದ ಕೈ, ಇಲ್ಲೂ ತನಗರಿವಿಲ್ಲದೆ ಹೊಲಿದುಬಿಟ್ಟಿತ್ತು.

"ಅಲ್ಲಮ್ಮಾ, ಗುಂಡು ತೂತೂ ಮಾಡಿ, ಅಂಚೂ ಹೊಲಿದು ಹೋಯ್ತಾ?"

ಹೊಲಿಗೆಯವಳು ನೆಲಕ್ಕೆ ಮಂಡಿಯೂರಿದಳು. "ಅಮ್ಮಾವ್ರೇ, ನನ್ನನ್ನ ಹಿಡ್ಕೊಡಿ. ಜೈಲಿಗೆ ಹೋಗ್ತೀನಿ. ಅವ್ರನ್ನ ಮಾತ್ರ ಬಿಟ್ಬಿಡಿ, ನಿಮ್ಮ ಕಾಲು ಹಿಡೀತೀನಿ..."

ಭೂತಗನ್ನಡಿಯ ಕೈ ಟೆಲಿಫೋನಿನ ಕಡೆ ಹೋಯಿತು. ಹೊಲಿಗೆಯವಳು ಕಣ್ಣು ಮುಚ್ಚಿಕೊಂಡಳು. ಮತ್ತೆ ತೆರೆದಾಗ ಟೆಲಿಫೋನು ಮೇಜಿನ ಅಂಚಿಗೆ ಸರಿದಿತ್ತು. ಅದಿದ್ದ ಜಾಗದಲ್ಲಿ ಅಂಗಿಯನ್ನಿಟ್ಟುಕೊಂಡು ಮೇಲ್ವಿಚಾರಕಿ ಒಂದೊಂದೇ ಹೊಲಿಗೆಯನ್ನು ಕತ್ತರಿಸಿ ಕೀಳುತ್ತಿದ್ದಳು.

"ಸ್ವಲ್ಪ ಗಟ್ಟಿಯಾಗಿ ಅಳು. ಹೊರಗಿನವರಿಗೆ ಕೇಳ್ಬೇಕು."

ಕೊನೆಯ ಎಳೆಯನ್ನೂ ಕಿತ್ತು, ಅವಳು ಅರಗಿನ ದೀಪ ಹಚ್ಚಿದಳು. ಒಂದು ಉದ್ದನೆಯ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗಾಗುವ ತನಕ ಕಾಯಿಸಿ, ತೂತಿನ ಅಂಚಿಗೆ ಮೆಲ್ಲಗೆ ತಾಗಿಸಿದಳು. ಬಟ್ಟೆ ಚುರ್ರೆಂದಿತು.

"ಗುಂಡು ಹೊಕ್ಕ ಕಡೆ ಹೀಗೆ ಸುಟ್ಟಿರಬೇಕು ಕಣಮ್ಮಾ," ಎಂದಳು ತಲೆಯೆತ್ತದೆ. "ನನ್ನ ಮಗನ ಅಂಗಿಗೂ ನಾನು ಹೀಗೇ ಮಾಡಿದ್ದು."