ಮುರಿದದ್ದು ಮೊದಲೋ, ಬಿದ್ದದ್ದು ಮೊದಲೋ

ಮುರಿದ ಹ್ಯಾಂಡಲಿನ ಎರಡು ತುಂಡುಗಳನ್ನು ಸೈಕಲ್ ಕಂಪನಿಯ ತಪಾಸಣೆಯವನು ಗಾಜಿನ ಮೇಜಿನ ಮೇಲೆ ತುದಿಗೆ ತುದಿ ತಾಗಿಸಿ ಇಟ್ಟು, "ಬಿದ್ದದ್ದಕ್ಕೆ ಮುರಿದಿದೆ" ಎಂದ.

"ಮುರಿದದ್ದಕ್ಕೆ ಬಿದ್ದೆ" ಎಂದಳು ಹುಡುಗಿ. ಅವಳ ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಜೋತುಬಿದ್ದಿತ್ತು.

ಈ ಎರಡು ಮಾತಿನ ನಡುವೆ ಹುಡುಗಿಯ ಅನ್ನ ಸಿಕ್ಕಿಕೊಂಡಿದೆ ಎಂಬುದು ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತಿದ್ದ ಸೋದರತ್ತೆಗೆ ಚೆನ್ನಾಗಿ ಗೊತ್ತಿತ್ತು. ಪ್ರವಾಸಿಗರನ್ನು ಸೈಕಲ್ಲಿನ ಮೇಲೆ ಬೆಟ್ಟದಿಂದ ಇಳಿಸಿಕೊಂಡು ಬರುವುದು ಹುಡುಗಿಯ ಕೆಲಸ. ಮುಂದೆ ಅವಳು, ಹಿಂದೆ ಸಾಲಾಗಿ ಅವರು. ಸಾಮಾನು ಕೈಕೊಟ್ಟಿದ್ದಾದರೆ ಸರಿ, ನೀನೇ ಬಿದ್ದದ್ದಾದರೆ ನಿನ್ನ ಹಿಂದೆ ಜನರನ್ನು ಬಿಡಲು ನನ್ನಿಂದಾಗದು ಎಂದು ಯಜಮಾನ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಕಂಪನಿಯವರು ಏನೆನ್ನುತ್ತಾರೋ ಅದೇ ಅವನಿಗೆ ಕಡೆಯ ಮಾತು. ಆಸ್ಪತ್ರೆಯಲ್ಲಿ ಆಯಾ ಆಗಿ ತಲೆ ನರೆಸಿಕೊಂಡ ಅತ್ತೆ, ಬಿದ್ದು ಬಂದವರ ಮಾತನ್ನು ಬೀಳದವರು ತಿದ್ದುವುದನ್ನು ಬೇಕಾದಷ್ಟು ಕಂಡಿದ್ದಳು.

"ನೋಡೀಮ್ಮಾ," ಅವನು ಅತ್ತೆಯ ಕಡೆ ತಿರುಗಿ ಮಗುವಿಗೆ ತಿಳಿಹೇಳುವಂತೆ ಹೇಳಿದ, "ಇದು ಕಾರ್ಬನ್ನು. ತೂಕ ನೋಡಿದ್ರೆ ಹೂವು, ಗಟ್ಟಿತನದಲ್ಲಿ ಕಬ್ಬಿಣಕ್ಕೇ ಅಪ್ಪ. ಇಷ್ಟು ಮೇಲಿನ ದರ್ಜೆ ಸಾಮಾನು ತಾನಾಗಿ ಮುರಿಯೋ ಮಾತೇ ಇಲ್ಲ." ಆಮೇಲೆ ಹುಡುಗಿಯನ್ನು ಕೇಳಿದ: "ಇದಕ್ಕೆ ಮೊದಲು ಯಾವಾಗಾದ್ರೂ ಸೈಕಲ್ ಬಿದ್ದಿತ್ತಾ?"

ಹುಡುಗಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಬಿದ್ದಿಲ್ಲ. ಒಂದ್ಸಲ ನಿಲ್ಲಿಸಿದ್ದಾಗ ಗಾಳಿಗೆ ವಾಲಿ ಗೋಡೆಗೆ ಬಡೀತು. ಒಂದು ಗೀರೂ ಆಗಿರ್ಲಿಲ್ಲ."

"ಬಂತಲ್ಲ ಈಗ!" ಅವನ ಮುಖ ಅರಳಿತು. "ಕಾರ್ಬನ್ ಗುಣವೇ ಅದು. ಏಟು ಒಳಗೆ ಕೂತಿರತ್ತೆ, ಹೊರಗೆ ಕಾಣಲ್ಲ. ಒಂದು ಸಲ ಬಡಿದ್ರೆ ತೆಗೆದು ಎಸೀಬೇಕು. ನೀವು ಎಸೀಲಿಲ್ಲ. ತಪ್ಪು ನಿಮ್ಮದೇ."

"ತಡೀರಿ," ಎಂದಳು ಅತ್ತೆ. "ಬಂದಾಗ ಬಿದ್ದದ್ದಕ್ಕೆ ಮುರೀತು ಅಂದ್ರಿ. ಈಗ ಗೋಡೆಗೆ ತಾಗಿದ್ದಕ್ಕೆ ಅಂತೀರಿ. ಯಾವುದಾದ್ರೂ ಒಂದನ್ನ ಹಿಡ್ಕೊಳ್ಳಿ. ಕಬ್ಬಿಣದ ಅಪ್ಪ ಗೋಡೆಗೆ ಒರಗಿದ್ದಕ್ಕೇ ಜೀವ ಬಿಟ್ಟನಾ? ಬೆಟ್ಟದ ಸೈಕಲ್ ಅಂತ ಹೊರಗೆ ಅಷ್ಟುದ್ದ ಬೋರ್ಡು ಹಾಕಿದ್ದೀರಿ. ಬೆಟ್ಟ ಅಂದ್ಮೇಲೆ ಕಲ್ಲಿರತ್ತೆ, ಗುಂಡಿ ಇರತ್ತೆ. ಇದನ್ನೇನು ಹಾಸಿಗೆ ಮೇಲೆ ಓಡಿಸ್ಬೇಕಿತ್ತಾ?"

"ಅಮ್ಮಾ, ಇದು ತಾಂತ್ರಿಕ ವಿಷಯ. ನಿಮಗೆ ತಿಳಿಯಲ್ಲ."

"ತಿಳಿಯಲ್ಲ, ಒಪ್ಪಿದೆ. ಇವಳ ಮೂಳೆ ಎರಡು ಹೋಳಾಗಿರೋದು ತಿಳಿಯತ್ತೆ. ಹಿಂದೆ ಬರ್ತಿದ್ದೋರು ಇವಳ ಮೇಲೆ ಹತ್ತಿಸಿದ್ರೆ ಆಗ ಏನಂತಿದ್ದೆಯಪ್ಪಾ, ನೆಲ ಗಟ್ಟಿಯಾಗಿತ್ತು, ಅದು ನೆಲದ ತಪ್ಪು ಅಂತಿದ್ದೆಯಾ?" ಬಹುವಚನ ಯಾವಾಗ ಜಾರಿತೋ ಅತ್ತೆಗೆ ಅರಿವೇ ಆಗಲಿಲ್ಲ.

"ಬಾ ಅತ್ತೆ, ಸಾಕು," ಎಂದು ಹುಡುಗಿ ಅವಳ ಸೆರಗು ಎಳೆದಳು.

ಅವನು ತುಂಡುಗಳನ್ನು ಚೀಲಕ್ಕೆ ಸೇರಿಸುತ್ತ, "ಬೆಳಗ್ಗೆ ನಿಮ್ಮ ಯಜಮಾನರಿಗೆ ಫೋನ್ ಮಾಡ್ತೀನಿ. ಓಡಿಸಿದೋರ ತಪ್ಪು ಅಂತಲೇ ಹೇಳ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ," ಎಂದ.

"ಬೇಜಾರಲ್ಲ ಇದು. ಸಿಟ್ಟು," ಎಂದು ಅತ್ತೆ ಎದ್ದಳು.

ಅಂಗಡಿಯ ಮುಂದೆಯೇ ಬಸ್ಸಿಗೆ ಕಾಯುತ್ತ ನಿಂತರು. ಸಂಜೆ ಬಿಸಿಲು ಷಟರಿನ ಮೇಲೆ ಬಿದ್ದಿತ್ತು. ಹುಡುಗಿ, "ಅತ್ತೆ, ಕೈಯಲ್ಲಿ ಅದು ಟಪ್ ಅಂದದ್ದು ನಂಗೆ ಕೇಳ್ಸಿತ್ತು. ಆಮೇಲೇ ಬಿದ್ದದ್ದು. ಈಗ ಅವರು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನಾನೇ ಬಿದ್ನೇನೋ ಅಂತ ಅನುಮಾನ ಬರ್ತಿದೆ," ಎಂದಳು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಕೈ ಮುರಿದದ್ದು ಸಾಲದೇ, ಇವಳ ಕಿವಿಯನ್ನೂ ಸುಳ್ಳು ಮಾಡಿಬಿಟ್ಟರಲ್ಲ!

ಅಷ್ಟರಲ್ಲಿ ತಪಾಸಣೆಯವನು ಷಟರ್ ಎಳೆದು ಬೀಗ ಹಾಕಿ, ಪಕ್ಕದ ಓಣಿಯಿಂದ ತನ್ನ ಸೈಕಲ್ ತಳ್ಳಿಕೊಂಡು ಬಂದ. ಅದೇ ಕಂಪನಿಯದು. ಚೌಕಟ್ಟು, ಚಕ್ರ, ಸೀಟು ಎಲ್ಲದರ ಮೇಲೂ ಕಂಪನಿ ಹೆಸರಿನ ಬಿಳಿ ಅಕ್ಷರ. ಹ್ಯಾಂಡಲ್ ಒಂದೇ ಬೂದು ಬಣ್ಣದ್ದು, ಹೆಸರಿಲ್ಲ, ಹೊಳಪಿಲ್ಲ.

"ಅತ್ತೆ, ಅದು ಕಾರ್ಬನ್ ಅಲ್ಲ. ಅಲ್ಯುಮಿನಿಯಂ," ಎಂದು ಹುಡುಗಿ ಪಿಸುಗುಟ್ಟಿದಳು.

ಅತ್ತೆ ದಾರಿಗೆ ಅಡ್ಡ ನಿಂತಳು. "ಕಂಪನಿ ಹ್ಯಾಂಡಲ್ ಎಲ್ಲಿ ಹೋಯ್ತು?"

"ಅದಾ... ಬಿಚ್ಚಿಟ್ಟಿದ್ದೀನಿ."

"ಯಾಕೆ?"

ಅವನು ನಕ್ಕಂತೆ ಮಾಡಿದ. "ಮನೇಲಿ ಕೇಳ್ಬೇಕಲ್ಲಮ್ಮಾ. ಚಿಕ್ಕ ಮಕ್ಕಳಿವೆ, ಅದನ್ನ ನಂಬ್ಕೊಂಡು ಹೋಗ್ಬೇಡಿ ಅಂತ ಹೆಂಡ್ತಿ ಹಟ ಹಿಡಿದ್ಲು. ಹೆಂಗಸ್ರ ಹೆದರಿಕೆ, ಗೊತ್ತಲ್ಲ."

ಬಸ್ಸು ಬಂದು ನಿಂತಿತು. ಹತ್ತುವವರಿಲ್ಲವೆಂದು ಹೊರಟೂ ಹೋಯಿತು. ಅತ್ತೆ ಆ ಬೂದು ಹ್ಯಾಂಡಲಿನ ಮೇಲೆ ಕೈಯಿಟ್ಟಳು. ಅವಳ ದನಿ ಒಂದಿಷ್ಟೂ ಏರಲಿಲ್ಲ.

"ಅದು ಮುರಿಯತ್ತೆ ಅಂತ ಆ ತಾಯಿಗೆ ಹೇಳಿದ್ಯಾರಪ್ಪಾ?"