ತಕ್ಕಡಿ ತಾತನ ಸೊನ್ನೆ

"ಸೊನ್ನೆ," ಎಂದರು ತಕ್ಕಡಿ ತಾತ, ನೀರಿನಿಂದ ಕಣ್ಣು ಕೀಳದೆ.

"ಇವತ್ತೂನಾ ತಾತ?" ಎಂದಳು ಮೀನುಗಾರಿಕೆ ಇಲಾಖೆಯ ಅಧಿಕಾರಿ.

"ಇವತ್ತೂನೇ. ಬೆಳಗ್ಗೆಯಿಂದ ಕೂತಿದ್ದೀನಿ, ಒಂದೂ ಬಿದ್ದಿಲ್ಲ. ಸುಳ್ಳು ಹೇಳೋಕೆ ನನಗೆ ನಾಲಿಗೆ ಹೊರಳಲ್ಲಮ್ಮ."

ಅವಳು ನಿಟ್ಟುಸಿರು ಬಿಟ್ಟು ಸೊನ್ನೆ ಬರೆದುಕೊಂಡಳು. ಆ ಪುಟ್ಟ ಕೆರೆಯ ಹಣೆಬರಹ ಈಗ ಇಂಥ ಸೊನ್ನೆಗಳ ಮೇಲೆ ನಿಂತಿತ್ತು. ಮೀನಿನ ಸಂತತಿ ನಶಿಸುತ್ತಿದೆ ಎಂದು ಅವಳು ವರದಿ ಕೊಟ್ಟರೆ ದಡದ ಸುತ್ತ ಬೇಲಿ ಏಳುತ್ತದೆ. ಆಮೇಲೆ ಕೆಲವು ವರ್ಷ ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ, ಕೂರುವಂತೆಯೂ ಇಲ್ಲ.

ಬಲೆ ಬೀಸಿ ನೋಡಬಹುದಿತ್ತು. ನೋಡಿಯೂ ಆಗಿತ್ತು. ಕೆರೆಯ ತಳದ ತುಂಬ ಹಳೆಯ ಮರದ ಬುಡಗಳು; ಇಲಾಖೆಯ ಹೊಸ ಬಲೆ ಮೊದಲ ದಿನವೇ ಹರಿದು ಚಿಂದಿಯಾಯಿತು. ಉಳಿದದ್ದು ಒಂದೇ ದಾರಿ, ಗಾಳ ಹಾಕುವವರನ್ನು ಕೇಳುವುದು. ಎಷ್ಟು ಹೊತ್ತು ಕೂತಿರಿ, ಎಷ್ಟು ಮೀನು ಸಿಕ್ಕವು? ಇಷ್ಟು ಹೊತ್ತಿಗೆ ಇಷ್ಟು ಮೀನು ಎಂದು ಗೊತ್ತಾದರೆ ಕೆರೆಯ ಆರೋಗ್ಯ ಗೊತ್ತಾದಂತೆಯೇ. ಪುಸ್ತಕದಲ್ಲಿ ಹಾಗೆಂದು ಬರೆದಿದೆ. ಗಾಳ ಹಾಕುವವರು ಎಂಥ ಜನ ಎಂಬುದನ್ನು ಮಾತ್ರ ಬರೆದಿಲ್ಲ.

ಕ್ಷೌರದಂಗಡಿಯವನು ಸೋಮವಾರ ಹಿಡಿದ ಮೀನು ಮೊಣಕೈಯುದ್ದ ಇತ್ತು. ಮಂಗಳವಾರದ ಹೊತ್ತಿಗೆ ಅದೇ ಮೀನು ಅವನ ಬಾಯಲ್ಲಿ ತೋಳುದ್ದ ಬೆಳೆದಿತ್ತು. ಬಸ್ ಡ್ರೈವರ್ ದಿನವೂ ಬುಟ್ಟಿ ತುಂಬ ಹಿಡಿಯುತ್ತಿದ್ದನಂತೆ. ಬುಟ್ಟಿ ತೋರಿಸಿ ಎಂದರೆ, "ಅಯ್ಯೋ ಮೇಡಂ, ಈಗ ತಾನೇ ಮನೆಗೆ ಕಳಿಸ್ದೆ, ಒಂದು ನಿಮಿಷ ಮುಂಚೆ ಬರಬಾರದಿತ್ತಾ?" ಎನ್ನುತ್ತಿದ್ದ. ಅವಳು ಇಬ್ಬರ ಲೆಕ್ಕವನ್ನೂ ಮೊದಲು ಅರ್ಧ ಮಾಡಿದಳು. ಆಮೇಲೆ ಕಾಲು ಮಾಡಿದಳು. ಕೊನೆಗೆ ರೋಸಿಹೋಗಿ ಗೀಟು ಎಳೆದು ಹೊಡೆದುಹಾಕಿದಳು.

ತಾತನ ಮಾತು ಬೇರೆ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಸ್ವಂತ ಭಾವಮೈದುನನ ಅಂಗಡಿಯ ತಕ್ಕಡಿಯನ್ನೇ ಜಪ್ತಿ ಮಾಡಿ, ಊಟಕ್ಕೆ ಮಾತ್ರ ಅವನ ಮನೆಗೇ ಹೋಗಿ ಕೂತ ಆಸಾಮಿ. ಅಂಥವರಿಗೆ ಎರಡನೇ ಪ್ರಶ್ನೆ ಕೇಳಿದರೆ ಅವಮಾನ ಮಾಡಿದಂತೆ ಎಂದು ಅವಳು ಕೇಳಲೇ ಇಲ್ಲ.

ಅವರ ತಾಳ್ಮೆ ನೋಡಿ ಅವಳಿಗೆ ಅಯ್ಯೋ ಅನ್ನಿಸುತ್ತಿತ್ತು. ಒಮ್ಮೆ ದಾರ ನೀರಿಗೆ ಬಿಟ್ಟರೆ ಮುಗಿಯಿತು, ಕತ್ತಲಾಗುವವರೆಗೂ ಎತ್ತಿ ನೋಡುತ್ತಿರಲಿಲ್ಲ. ತಂದ ಬ್ರೆಡ್ಡಿನಲ್ಲಿ ಅರ್ಧ ತಾವು ತಿಂದು, ಮಿಕ್ಕದ್ದನ್ನು ಪುಡಿ ಮಾಡಿ ನೀರಿಗೆ ಎರಚುತ್ತಿದ್ದರು. ಅದು ನೋಡನೋಡುತ್ತಲೇ ಮಾಯವಾಗುತ್ತಿತ್ತು. ಮೀನು ಒಯ್ಯಲು ಒಂದು ಚೀಲವನ್ನೂ ಅವರು ತರುತ್ತಿರಲಿಲ್ಲ.

"ಈ ಕೋಲಿಗೆ ಇದುವರೆಗೂ ಒಂದೂ ಬಿದ್ದಿಲ್ಲ. ಇನ್ನು ಬೀಳೋದೂ ಇಲ್ಲ ಬಿಡು," ಎಂದಿದ್ದರು ಒಮ್ಮೆ, ಬ್ರೆಡ್ಡು ಅಗಿಯುತ್ತಾ. ಪಾಪ, ಆಸೆಯನ್ನೇ ಬಿಟ್ಟಿದ್ದಾರೆ ಎಂದುಕೊಂಡಿದ್ದಳು ಅವಳು.

ವರದಿ ಕಳಿಸಬೇಕಾದ ದಿನ ತಾತನ ಹೆಂಡತಿ ಕಚೇರಿಗೆ ಬಂದರು. ಬಂದವರೇ ಸೆರಗಿನ ಮರೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೊಂದು ಮೀನಿತ್ತು.

"ನಮ್ಮ ಯಜಮಾನ್ರು ನಿನ್ನೆ ಕೆರೇಲಿ ಹಿಡಿದದ್ದು. ಕೆರೇಲಿ ಮೀನಿದೆ ಅಂತ ಬರ್ಕೊಳಮ್ಮ."

ಅಧಿಕಾರಿ ಮೀನನ್ನು ಹೊರಳಿಸಿ ನೋಡಿದಳು. "ಅಜ್ಜಿ, ಇದು ಬಂಗುಡೆ. ಸಮುದ್ರದ ಮೀನು."

"ದಾರಿ ತಪ್ಪಿ ಬಂದಿರ್ಬೇಕು," ಎಂದರು ಅಜ್ಜಿ. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕುರ್ಚಿಯಲ್ಲಿ ಕುಸಿದು ಕೂತರು.

"ಬೇಲಿ ಹಾಕಿಸ್ಬೇಡ ಕಣಮ್ಮ. ರಿಟೈರ್ ಆದ್ಮೇಲೆ ಮನೇಲಿ ಕೂತು ನನ್ನ ಜೀವ ತಿಂದ್ಬಿಟ್ರು. ಸಕ್ಕರೆ ತೂಗೋದು, ಟೀ ಪುಡಿ ಅಳೆಯೋದು, ನಾನು ಹಾಕೋ ಉಪ್ಪಿಗೂ ತಪಾಸಣೆ! ಒಂದಿನ ತಲೆ ಕೆಟ್ಟು, ‘ಹೋಗಿ ಮೀನಾದ್ರೂ ಹಿಡೀರಿ. ಒಂದು ಸಿಕ್ಕಿದ್ರೆ ತಗೊಂಡು ಬನ್ನಿ, ಇಲ್ಲಾಂದ್ರೆ ಕತ್ತಲಾಗೋವರೆಗೂ ಮನೆ ಕಡೆ ತಲೆ ಹಾಕ್ಬೇಡಿ’ ಅಂದ್ಬಿಟ್ಟೆ. ಪುಣ್ಯಾತ್ಮ ಅದನ್ನೇ ಹಟ ಹಿಡಿದ್ರು. ಒಂದು ಮೀನಿಗೋಸ್ಕರ ಬಿಸಿಲು ಗಾಳಿ ಅನ್ನದೆ ಕೂತಿದ್ದಾರೆ. ಈಗ ಎಬ್ಬಿಸಿದ್ರೆ ಅವರ ಎದೆ ಒಡೆದುಹೋಗುತ್ತೆ. ನನ್ನ ಗತಿಯಂತೂ ಕೇಳ್ಲೇಬೇಡ."

ಅಧಿಕಾರಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಆದರೆ ಕೆರೆಯ ಲೆಕ್ಕಕ್ಕೆ ಬಂಗುಡೆಯನ್ನು ಸೇರಿಸಲು ಬರುವುದಿಲ್ಲ. ಪೊಟ್ಟಣವನ್ನು ಮೆಲ್ಲನೆ ಅಜ್ಜಿಯ ಕೈಗೇ ಕೊಟ್ಟು ಕಳಿಸಿದಳು. ವಿಷಯವನ್ನು ಬೇರೆಯವರ ಬಾಯಿಂದ ಕೇಳುವಂತಾಗಬಾರದು ಎಂದು ವರದಿಗೆ ಸಹಿ ಹಾಕುವ ಮುಂಚೆ ತಾನೇ ಕೆರೆಯ ಕಡೆ ಹೊರಟಳು.

ತಾತ ಅದೇ ಕಲ್ಲಿನ ಮೇಲೆ, ಅದೇ ಭಂಗಿಯಲ್ಲಿ ಕೂತಿದ್ದರು.

"ತಾತ, ಕೆರೆ ಮುಚ್ಚಿಸ್ಬೇಕಾಗಿದೆ. ಇದರಲ್ಲಿ ಮೀನೇ ಉಳಿದಿಲ್ಲ."

ತಾತ ನೀರಿನಿಂದ ಕಣ್ಣು ಕಿತ್ತು ಅವಳತ್ತ ತಿರುಗಿದರು. "ಯಾರಮ್ಮ ಹಾಗಂದೋರು?"

"ನೀವೇ. ಉಳಿದವರೆಲ್ಲ ಬುರುಡೆ ಬಿಡ್ತಾರೆ. ನಾನು ನಂಬಿದ್ದು ನಿಮ್ಮೊಬ್ಬರ ಲೆಕ್ಕಾನ."

ಎದುರು ದಡದಲ್ಲಿ ಬಸ್ ಡ್ರೈವರ್ ಏನನ್ನೋ ಎಳೆಯುತ್ತಾ ಕೂಗಾಡುತ್ತಿದ್ದ; ಅವಳು ತಿರುಗಿಯೂ ನೋಡಲಿಲ್ಲ. ಕೊನೆಗೆ ತಾತ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದರು. ಅವರು ದಾರ ಎತ್ತಿದ್ದನ್ನು ಅವಳು ಕಂಡದ್ದು ಅದೇ ಮೊದಲು. ನೀರು ತೊಟ್ಟಿಕ್ಕುತ್ತಾ ಮೇಲೆ ಬಂದ ದಾರದ ತುದಿಯಲ್ಲಿ ತಕ್ಕಡಿಯ ಪುಟ್ಟದೊಂದು ಹಿತ್ತಾಳೆಯ ತೂಕದ ಬಟ್ಟು ಕಟ್ಟಿತ್ತು. ಅವಳು ಅದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಕೊಕ್ಕೆ ಎಲ್ಲಿ ತಾತ?"

ತಾತ ಮನೆಯ ದಿಕ್ಕಿಗೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಕೊಕ್ಕೆ ಕಟ್ಟಿದ್ರೆ ಮೀನು ಬೀಳುತ್ತಲ್ಲಮ್ಮ. ಬಿದ್ರೆ ಮನೆಗೆ ಹೋಗ್ಬೇಕಲ್ಲ?"